ಮೂಗಿನಕ್ಕ ಹೇಳಿದ ‘ಸುಮ್ಮನಿದೆ’

ಮಾವ ತೀರಿಕೊಂಡ ಸುದ್ದಿ ಬಂದಾಗ ಆಕೆ ಆ ಬೆಳಗಿನ ಎರಡು ವಿಮಾನ ಶುಚಿ ಮಾಡಿ ಮುಗಿಸಿ ಮೂರನೆಯದರ ಏಣಿಯ ಬುಡದಲ್ಲಿ ನಿಂತಿದ್ದಳು. ಆಗತಾನೇ ಬೆಳಕು ಹರಿಯುತ್ತಿತ್ತು. ಹದಿನಾಲ್ಕು ಗಂಟೆ ಹಾರಿ ಬಂದ ವಿಮಾನದಿಂದ ಜನ ಇಳಿಯುತ್ತಿದ್ದರು. ಕಾಲು ಊದಿದವರು, ಕೂದಲು ಕೆದರಿದವರು, ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡವರು. ಮೇಲ್ವಿಚಾರಕಿ ಹತ್ತಿರ ಬಂದು ಭುಜ ಮುಟ್ಟಿದರು. “ಮನೆಯಿಂದ ಫೋನ್ ಬಂದಿತ್ತಮ್ಮ. ನಿಮ್ಮ ಮಾವನವರು ಹೋಗಿಬಿಟ್ಟರಂತೆ. ನೀವು ಹೊರಡಿ.” ಆಕೆ ಕೈಗವಸು ಬಿಚ್ಚಿ, ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡಳು. ಯಾಕೆ ಮಡಚಿದೆ ಎಂದು ಇಂದಿಗೂ ಆಕೆಗೆ ತಿಳಿಯದು. ಒಮ್ಮೆ ಹಾಕಿದ ಕೈಗವಸನ್ನು ಅಲ್ಲಿ ಯಾರೂ ಮಡಚಿಡುವುದಿಲ್ಲ, ಎಸೆಯುತ್ತಾರೆ.

ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆ. ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹನ್ನೊಂದು ವರ್ಷದಿಂದ ನಿಲ್ಲದ ಕೆಮ್ಮು ನಿಂತಿತ್ತು. ಆಕೆ ಅವರ ಕಾಲ ಬಳಿ ಕುಳಿತು ಎರಡೂ ಪಾದ ಹಿಡಿದುಕೊಂಡಳು. ಎಷ್ಟು ಹೊತ್ತು ಹಾಗೆ ಕುಳಿತಿದ್ದಳೋ, ಕೆಳಗಿನ ಮನೆಯವರಿಗೆ ವಿಷಯ ಹೇಳಲು ಹೋಗಿದ್ದ ನಾದಿನಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿಬಂದಳು. “ಅತ್ತಿಗೆ, ಹಾಲು ಸೀದು ಕರಕಲಾಗಿದೆ. ಮೆಟ್ಟಿಲ ತನಕ ವಾಸನೆ. ನೀನು ಇಲ್ಲೇ ಕೂತಿದ್ದೀಯಲ್ಲ, ಗೊತ್ತಾಗ್ಲಿಲ್ವಾ?”

ಆಕೆ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆ ಕಪ್ಪಾಗಿತ್ತು. ಹೊಗೆ ಸೂರಿಗೆ ಅಂಟಿಕೊಂಡು ನಿಂತಿತ್ತು. ಪಾತ್ರೆಯ ಮೇಲೆ ಬಗ್ಗಿ ಉಸಿರೆಳೆದುಕೊಂಡಳು. ಕಣ್ಣು ಉರಿದವು, ಗಂಟಲು ಕೆರೆಯಿತು. ಮೂಗಿಗೆ ಮಾತ್ರ ಏನೂ ಇಲ್ಲ. ಪಕ್ಕದಲ್ಲಿದ್ದ ಈರುಳ್ಳಿಯನ್ನು ಹಿಚುಕಿ ಮೂಸಿದಳು. ಅದೂ ಇಲ್ಲ. ಹಿಂದಿನ ವಾರ ಜ್ವರ, ನೆಗಡಿ ಬಂದು ಹೋಗಿತ್ತು. ನೆಗಡಿಯಾದವರು ವಿಮಾನದೊಳಗೆ ಹೊಗೆಯ ವಾಸನೆ ಇದೆಯೇ ಎಂದು ಮೂಸುವ ಕೆಲಸ ಮಾಡಬಾರದೆಂಬ ನಿಯಮವಿದ್ದುದರಿಂದ ಆ ವಾರವೆಲ್ಲ ಪ್ರಯಾಣಿಕರ ಕಂಬಳಿ ಮಡಚುತ್ತಿದ್ದಳು. ಮೂಗು ತೆರೆದಿದೆ, ಉಸಿರು ಸಲೀಸಾಗಿ ಆಡುತ್ತಿದೆ ಎಂದುಕೊಂಡು ಅಂದೇ ಮತ್ತೆ ತನ್ನ ಕೆಲಸಕ್ಕೆ ನಿಂತಿದ್ದಳು. ಒಂದೇ ಬೆಳಗ್ಗೆ ಎರಡು ಸಾವು. ಒಂದಕ್ಕೆ ಮನೆಮಂದಿಯೆಲ್ಲ ಅತ್ತರು. ಇನ್ನೊಂದನ್ನು ಆಕೆ ಯಾರಿಗೂ ಹೇಳಲಿಲ್ಲ.

ಹೇಳದೆ ಇದ್ದುದಕ್ಕೆ ಕಾರಣ ಭಯ. ಅಂದು ಬೆಳಗ್ಗೆ ಆಕೆ ಮೂಸಿ, ಏನೂ ಇಲ್ಲವೆಂದು ಕಳಿಸಿದ ಎರಡು ವಿಮಾನಗಳು ಆ ಹೊತ್ತಿಗೆ ಆಕಾಶದಲ್ಲಿದ್ದವು.

ವಿಮಾನದ ಒಳಗನ್ನು ಶುಚಿ ಮಾಡುವ ಒಂಬತ್ತು ಜನರ ತಂಡದಲ್ಲಿ ಆಕೆ ಎಲ್ಲರಿಗಿಂತ ಹಳಬಳು. ವಯಸ್ಸು ಐವತ್ತೊಂದು, ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ. ಆಕೆಯ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಇದೆ. ಉಳಿದಂತೆ ಎಲ್ಲರಿಗೂ ಆಕೆ ‘ಮೂಗಿನಕ್ಕ’. ಬೆಳಕು ಹರಿಯುವ ಮೊದಲು ಬಂದರೆ ಮಧ್ಯಾಹ್ನದೊಳಗೆ ನಾಲ್ಕು ದೊಡ್ಡ ವಿಮಾನ. ಒಂದೊಂದರಲ್ಲೂ ಮುನ್ನೂರಕ್ಕೆ ಹತ್ತಿರ ಸೀಟು, ಎಂಟು ಟಾಯ್ಲೆಟ್ಟು. ಕೊಟ್ಟ ಸಮಯ ನಲವತ್ತು ನಿಮಿಷ. ಅಷ್ಟರಲ್ಲಿ ಕಸ ಬಾಚಬೇಕು, ಸೀಟಿನ ಜೇಬು ತಡಕಬೇಕು, ಬೆಲ್ಟು ಅಡ್ಡಡ್ಡ ಜೋಡಿಸಬೇಕು, ನೆಲ ಒರೆಸಬೇಕು. ಮೂಗಿಗೆ ಕವಡೆ ಕಟ್ಟಿಕೊಂಡು ದುಡಿಯುವುದು ಎನ್ನುತ್ತಾರಲ್ಲ, ಇಲ್ಲಿ ಕವಡೆ ಕಟ್ಟಿಕೊಳ್ಳಲೂ ಬಿಡುವಿಲ್ಲ.

ಬಾಗಿಲು ತೆರೆದ ಕೂಡಲೇ ಮುಖಕ್ಕೆ ಬಡಿಯುವುದು ಮುನ್ನೂರು ಜನ ಹದಿನಾಲ್ಕು ಗಂಟೆ ಉಸಿರಾಡಿ ಬಿಟ್ಟ ಗಾಳಿ. ಕಳಚಿದ ಸಾಕ್ಸು, ಸೀಟಿನಡಿ ಸೇರಿದ ಬಾಳೆಹಣ್ಣಿನ ಸಿಪ್ಪೆ, ಯಾವುದೋ ತಾಯಿ ನಾಚಿಕೆಯಿಂದ ಚೀಲದಲ್ಲಿ ಸುತ್ತಿಟ್ಟ ಮಗುವಿನ ಬಟ್ಟೆ, ಉಗುರುಬಣ್ಣ, ವಾಂತಿ. ಇವುಗಳ ನಡುವಿನಿಂದ ಒಂದೇ ಒಂದು ವಾಸನೆಯನ್ನು ಹೆಕ್ಕಿ ತೆಗೆಯುವುದು ಮೂಗಿನಕ್ಕನ ಕೆಲಸ. ಕದ್ದು ಸೇದಿದ ಸಿಗರೇಟಿನ ವಾಸನೆ. ವಿಮಾನದಲ್ಲಿ ಸೇದುವಂತಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ಆದರೂ ಟಾಯ್ಲೆಟ್ಟಿನ ಬಾಗಿಲಲ್ಲಿ ಇಂದಿಗೂ ಪುಟ್ಟದೊಂದು ಬೂದಿಬಟ್ಟಲು ಇರುತ್ತದೆ. ಆಕೆಗಿಂತ ಮೊದಲು ಇದೇ ಕೆಲಸದಲ್ಲಿದ್ದ ಮಾವ ಅದನ್ನು ತೋರಿಸಿ ಹೇಳಿದ ಮಾತು ಆಕೆಗೆ ಮೊದಲ ಪಾಠ: “ಬೇಡ ಅಂದ್ರೂ ಸೇದೋನು ಸೇದೇ ಸೇದ್ತಾನೆ ತಾಯಿ. ಸೇದಿದ ಮೇಲೆ ಬೆಂಕೀನ ಎಲ್ಲಿ ಬಚ್ಚಿಡ್ತಾನೆ ಅನ್ನೋದು ನಮ್ಮ ಚಿಂತೆ.”

ಸಿಕ್ಕಿಬೀಳುವ ಹೆದರಿಕೆಯಿಂದ ಅವನು ಬೂದಿಬಟ್ಟಲಿನ ತಂಟೆಗೆ ಹೋಗುವುದಿಲ್ಲ. ಕಸದ ಬುಟ್ಟಿಯೋ, ಅದು ಹೇಗೂ ಖಾಲಿಯಾಗುತ್ತದೆ. ಭಯವಿರುವುದು ಸಂದುಗಳಲ್ಲಿ. ಕಾಗದದ ಡಬ್ಬಿಯ ಹಿಂದೆ, ಕನ್ನಡಿಯ ಅಂಚಿನಲ್ಲಿ, ಬೇಸಿನ್ನಿನ ಕೆಳಗಿನ ಹಲಗೆಯ ಬಿರುಕಿನಲ್ಲಿ. ಅಲ್ಲಿ ಬಿದ್ದ ತುಂಡು ಒಣ ಕಾಗದಕ್ಕೆ ತಾಗಿದರೆ ಗಂಟೆಗಟ್ಟಲೆ ಒಳಗೊಳಗೇ ಬೇಯುತ್ತದೆ. ಹೊರಗೆ ಏನೂ ಕಾಣದು. ನೆಲದ ಮೇಲಾದರೆ ಓಡಿಹೋಗಲು ದಾರಿಯುಂಟು. ಮೋಡದ ಮೇಲೆ ಎಲ್ಲಿಗೆ ಓಡುವುದು?

ಮೂಸುವ ಕ್ರಮವೂ ಮಾವ ಕಲಿಸಿದ್ದೇ. ಮೊದಲು ತನ್ನ ಮೊಳಕೈಯ ಒಳಮಡಿಕೆ ಮೂಸಬೇಕು. ಸ್ವಂತ ಮೈವಾಸನೆಯಿಂದ ಮೂಗು ತೊಳೆದ ಹಾಗಾಗುತ್ತದೆ. ಆಮೇಲೆ ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, ಐದು ಉಸಿರು. ಹೊಗೆಯ ಸುಳಿವಿಲ್ಲದಿದ್ದರೆ ಹೊರಬಂದು ‘ಸುಮ್ಮನಿದೆ’ ಎನ್ನಬೇಕು. ಇದ್ದರೆ ‘ಮಾತಾಡ್ತಿದೆ’. ಆಕೆ ಒಂದೊಂದು ಬಾಗಿಲಿಗೂ ಕೂಗಿ ಹೇಳುತ್ತಾಳೆ, ಮೇಲ್ವಿಚಾರಕಿ ಗುರುತು ಹಾಕಿಕೊಳ್ಳುತ್ತಾರೆ. ಎಂಟೂ ಸುಮ್ಮನಿದ್ದರೆ ಜನರನ್ನು ಹತ್ತಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಮೂಸುವ ಮೊದಲು ಯಾರೂ ಪರಿಮಳದ ಸ್ಪ್ರೇ ಹೊಡೆಯಬಾರದು. “ನಾತಕ್ಕೆ ಅತ್ತರು ಹಚ್ಚಿದರೆ ಎರಡು ನಾತ” ಎನ್ನುತ್ತಿದ್ದರು ಮಾವ. ಈ ನಿಯಮ ಮುರಿದು ಮುರಿದೇ ತಂಡದ ಒಬ್ಬನಿಗೆ ‘ಅತ್ತರ್ ಮಾಮ’ ಎಂಬ ಹೆಸರು ಬಿದ್ದಿದೆ. ನೆಲ ಒರೆಸುವ ಕೋಲು ಹಿಡಿದು ಮೂಗಿನಕ್ಕ ಅವನನ್ನು ವಿಮಾನದ ಉದ್ದಕ್ಕೂ ಅಟ್ಟಿಸಿಕೊಂಡು ಹೋದದ್ದನ್ನು ತಂಡದವರು ಈಗಲೂ ನಕ್ಕು ನೆನೆಯುತ್ತಾರೆ.

ಮಾವ ಅದೇ ಕೆಲಸದಲ್ಲಿ ಮೂವತ್ತೊಂದು ವರ್ಷ ಇದ್ದವರು. ಅದರಲ್ಲಿ ಬಹುಪಾಲು, ಜನ ವಿಮಾನದಲ್ಲಿ ರಾಜಾರೋಷವಾಗಿ ಸೇದುತ್ತಿದ್ದ ಕಾಲ. ಮುಂದಿನ ಸಾಲುಗಳು ಸೇದದವರಿಗೆ, ಹಿಂದಿನವು ಸೇದುವವರಿಗೆ. ನಡುವೆ ಒಂದು ಬೋರ್ಡು. “ಹೊಗೆಗೆ ಓದು ಬರುತ್ತಾ? ಬೋರ್ಡು ನೋಡಿ ಅಲ್ಲೇ ನಿಂತ್ಕೊಳ್ಳೋಕೆ?” ಎಂದು ನಗುತ್ತಿದ್ದರು. ನಕ್ಕರೆ ಕೆಮ್ಮು ಬರುತ್ತಿತ್ತು. ಪ್ರತಿ ಸೀಟಿನ ಕೈಯಲ್ಲಿದ್ದ ಬೂದಿಬಟ್ಟಲು ತೋಡಿ ತೆಗೆದು, ಹಳದಿ ಜಿಡ್ಡು ಹಿಡಿದ ಪರದೆಗಳನ್ನು ಬಿಚ್ಚಿ ತೊಳೆದವರು ಅವರು. ತಾವು ಒಂದು ದಿನವೂ ಬೀಡಿ ಮುಟ್ಟಿದವರಲ್ಲ. ಆದರೂ ಡಾಕ್ಟರು ಅವರ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, “ದಿನಕ್ಕೆ ಎಷ್ಟು ಸೇದ್ತಿದ್ರಿ?” ಎಂದು ಕೇಳಿದ್ದರು. ಸೊಸೆಯನ್ನು ಕೆಲಸಕ್ಕೆ ಸೇರಿಸಿ, ಆರು ವರ್ಷ ಜೊತೆಗೆ ನಿಂತು, ತಮ್ಮ ಮೂಗನ್ನೇ ಆಕೆಗೆ ಕೊಟ್ಟು ಹೋದರು ಎಂದು ತಂಡದವರ ಮಾತು.

ಆ ಮೂಗು ಈಗ ಸತ್ತಿತ್ತು. ಮೂರು ದಿನದ ರಜೆ ಮುಗಿಸಿ ಆಕೆ ಕೆಲಸಕ್ಕೆ ಮರಳಿದಳು. ಇವತ್ತು ಬರಬಹುದು, ನಾಳೆ ಬರಬಹುದು ಎಂಬ ಆಸೆ. ಹೇಳಿದರೆ ಜಾಗ ಹೋಗುತ್ತದೆ, ಮಾವನ ಹೆಸರು ಹೋಗುತ್ತದೆ ಎಂಬ ದಿಗಿಲು. ಬೆಳಗ್ಗೆ ಎದ್ದ ಕೂಡಲೇ ಸೋಪು ಮೂಸುವಳು, ಬೆಂಕಿಕಡ್ಡಿ ಗೀರಿ ಆರಿಸಿ ಮೂಸುವಳು. ದರ್ಜಿ ಕೆಲಸದ ಗಂಡ ಒಂದು ದಿನ ನೋಡಿಯೇಬಿಟ್ಟ. “ಏನೇ, ನನ್ನ ಚಪ್ಪಲಿ ಯಾಕೆ ಮೂಸ್ತಿದ್ದೀಯ?”

“ಸುಮ್ನೆ.”

“ಸುಮ್ನೆ ಯಾರಾದ್ರೂ ಚಪ್ಪಲಿ ಮೂಸ್ತಾರಾ? ನಾನಾದ್ರೂ ಆ ಧೈರ್ಯ ಮಾಡಲ್ಲ.”

ಆಕೆಗೆ ನಗು ಬರಲಿಲ್ಲ.

ವಿಮಾನದಲ್ಲಿ ಮೊದಲಿನಂತೆಯೇ ಮೊಳಕೈ ಮೂಸಿ, ಕಣ್ಣು ಮುಚ್ಚಿ, ಐದು ಉಸಿರು ಎಣಿಸುತ್ತಿದ್ದಳು. ಆಮೇಲೆ ಕಣ್ಣಲ್ಲಿ ಕಣ್ಣಿಟ್ಟು ಹುಡುಕುತ್ತಿದ್ದಳು. ಬೇಸಿನ್ನಿನ ಅಂಚಿನಲ್ಲಿ ಬೂದಿಯೇ, ಹಲಗೆಯ ಮೇಲೆ ಕಂದು ಕಲೆಯೇ? ಕೊನೆಗೆ ಹೊರಬಂದು ‘ಸುಮ್ಮನಿದೆ’ ಎನ್ನುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಯಾರಾದರೂ ಸೀನಿದರೆ ಈಕೆ ತನ್ನ ಮೂಗು ಮುಟ್ಟಿಕೊಳ್ಳುತ್ತಿದ್ದಳು. ಕೆಲಸ ಮುಗಿದರೂ ಮನೆಗೆ ಹೋಗದೆ ಸಿಬ್ಬಂದಿಯ ಕೋಣೆಯಲ್ಲಿ ಬೋರ್ಡಿನ ಎದುರು ನಿಲ್ಲುತ್ತಿದ್ದಳು. ತಾನು ಕಳಿಸಿದ ವಿಮಾನದ ಎದುರು ‘ಇಳಿದಿದೆ’ ಎಂಬ ಮಾತು ಮೂಡುವ ತನಕ ನೀರೂ ಇಳಿಯದು. ದೂರದವು ಮರುದಿನ ಇಳಿಯುತ್ತಿದ್ದವು. ಅಷ್ಟರಲ್ಲಿ ಇನ್ನೂ ನಾಲ್ಕನ್ನು ಕಳಿಸಿ ಆಗಿರುತ್ತಿತ್ತು. ಹೀಗೆ ಒಂಬತ್ತು ದಿನ. ದಿನಕ್ಕೆ ನಾಲ್ಕು ವಿಮಾನ, ವಿಮಾನಕ್ಕೆ ಎಂಟು ಬಾಗಿಲು. ಮನಸ್ಸಿನಲ್ಲಿ ಲೆಕ್ಕ ತನ್ನಷ್ಟಕ್ಕೆ ನಡೆಯುತ್ತಿತ್ತು: ಇನ್ನೂರ ಎಂಬತ್ತೆಂಟು, ಅದಕ್ಕೆ ಮೊದಲ ದಿನದ ಹದಿನಾರು.

“ದೇವರ ಮುಂದೆ ನಿಂತರೂ ಕಣ್ಣು ಮುಚ್ಚೋಕೆ ಹೆದರಿಕೆ ಆಗ್ತಿತ್ತು. ಮುಚ್ಚಿದ್ರೆ ಹೊಗೆ ಕಾಣೋದು” ಎನ್ನುತ್ತಾಳೆ ಆಕೆ.

ಹತ್ತನೇ ದಿನ, ಮೊದಲ ವಿಮಾನ. ಹಿಂಭಾಗದ ಎಡಗಡೆಯ ಟಾಯ್ಲೆಟ್ಟು. ಆಕೆ ಒಳಹೊಕ್ಕು, ಐದು ಉಸಿರೆಳೆದು, ನೋಡುವಷ್ಟು ನೋಡಿ ಹೊರಬಂದು “ಹಿಂದಿನ ಎಡಗಡೇದು ಸುಮ್ಮನಿದೆ” ಎಂದಳು. ಬಾಗಿಲ ಪಕ್ಕದಲ್ಲಿ ಅತ್ತರ್ ಮಾಮ ಸ್ಪ್ರೇ ಡಬ್ಬಿ ಹಿಡಿದು, ಬೈಗುಳ ತಿನ್ನಲು ತಯಾರಾದವನಂತೆ ತಲೆ ತಗ್ಗಿಸಿ ನಿಂತಿದ್ದ. ಬೈಗುಳ ಬರಲಿಲ್ಲ.

“ಅಕ್ಕ, ಬೈಯಲ್ವಾ?”

“ಯಾಕೆ ಬೈಲಿ?”

“ಈಗ್ತಾನೇ ಒಳಗೆ ಅರ್ಧ ಡಬ್ಬಿ ಹೊಡೆದಿದ್ದೀನಿ. ಅವಸರದಲ್ಲಿ ಕೈ ಮರೆತು ಹೋಯ್ತು. ನಿಂಬೆಹಣ್ಣಿನ ಮೂಟೆ ಒಡೆದ ಹಾಗಿದೆ ಅಲ್ಲಿ. ನೀನು ಸುಮ್ಮನಿದೆ ಅಂತೀಯ.”

ಆಕೆ ತಿರುಗಿ ಆ ಬಾಗಿಲನ್ನೇ ನೋಡಿದಳು. ಅವನು ಡಬ್ಬಿಯನ್ನು ನೋಡಿದ, ಆಕೆಯ ಮುಖ ನೋಡಿದ. ಇಪ್ಪತ್ತು ವರ್ಷ ಜೊತೆಯಲ್ಲಿ ದುಡಿದವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

“ಯಾವಾಗಿಂದ?”

“ಮಾವ ಹೋದ ದಿನದಿಂದ.”

ಅವನು ಸುತ್ತ ನೋಡಿ ದನಿ ತಗ್ಗಿಸಿದ. “ಆಯ್ತು ಬಿಡು. ನಾನು ಮೊದಲೇ ಹೊಡೆದಿದ್ದು ನೀನು ಹೇಳ್ಬೇಡ, ನಿನ್ನ ಮೂಗಿನ ವಿಷಯ ನಾನು ಹೇಳಲ್ಲ. ಅಲ್ಲಿಗಲ್ಲಿಗೆ ಸರಿಹೋಯ್ತು. ಇನ್ನು ಹನ್ನೆರಡು ನಿಮಿಷ ಇದೆ. ಜನ ಆಗ್ಲೇ ಬಾಗಿಲ ಹತ್ರ ನಿಂತಿದ್ದಾರೆ.”

ಕೇಳಲು ಎಷ್ಟು ಹಿತವಾದ ಮಾತು. ಒಂಬತ್ತು ದಿನದಿಂದ ಒಬ್ಬಳೇ ಹೊತ್ತ ಭಾರಕ್ಕೆ ಇನ್ನೊಂದು ಹೆಗಲು ಸಿಕ್ಕಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಬಾಗಿಲಿನ ಒಳಗೆ ಈಗ ತನ್ನ ಮೂಗಷ್ಟೇ ಅಲ್ಲ, ಯಾರ ಮೂಗೂ ನಡೆಯದು, ನಿಂಬೆ ಎಲ್ಲವನ್ನೂ ಮುಚ್ಚಿದೆ ಎಂಬುದು ಹೊಳೆಯಿತು. ಆಕೆ ಮತ್ತೆ ಒಳಹೋದಳು. ಕೈಗವಸು ಕಿತ್ತಳು. ಜ್ವರ ನೋಡುವವರಂತೆ ಅಂಗೈಯ ಹಿಂಬದಿಯನ್ನು ಗೋಡೆಗೆ, ಕನ್ನಡಿಯ ಅಂಚಿಗೆ, ಬೇಸಿನ್ನಿನ ಕೆಳಗಿನ ಹಲಗೆಗೆ ಒತ್ತುತ್ತ ಬಂದಳು. ಕಾಗದದ ಡಬ್ಬಿಯ ಪಕ್ಕದ ಹಲಗೆಯಲ್ಲಿ ಕೈ ನಿಂತಿತು. ಬೆಚ್ಚಗಿತ್ತು. ಜ್ವರದ ಮಗುವಿನ ಹಣೆಯಷ್ಟು ಬೆಚ್ಚಗೆ.

ಬಿಸಿನೀರಿನ ಕೊಳವೆ ಇದ್ದರೂ ಇದ್ದೀತು. ಓಡಿಹೋಗಿ ಬಲಗಡೆಯ ಟಾಯ್ಲೆಟ್ಟಿನಲ್ಲಿ ಅದೇ ಜಾಗ ಮುಟ್ಟಿದಳು. ತಣ್ಣಗಿತ್ತು. ಮರಳಿ ಬಂದು ಇದನ್ನು ಮುಟ್ಟಿದಳು. ಮೊದಲಿಗಿಂತ ಬಿಸಿ ಎನಿಸಿತೋ, ಹೆದರಿಕೆಗೆ ಹಾಗೆ ಎನಿಸಿತೋ.

“ಮೇಡಂ,” ಎಂದು ಕೂಗಿದಳು. “ಹಿಂದಿನ ಎಡಗಡೇದು ಮಾತಾಡ್ತಿದೆ.”

ಮೇಲ್ವಿಚಾರಕಿ ಬಂದು ಮೂಸಿದರು. “ನಿಂಬೆ ಬಿಟ್ಟರೆ ಏನೂ ಇಲ್ಲವಲ್ಲಮ್ಮ. ಈಗ್ತಾನೇ ಸುಮ್ಮನಿದೆ ಅಂದಿರಿ. ಜನ ಹತ್ತೋಕೆ ನಿಂತಿದ್ದಾರೆ. ಸುಮ್ಮಸುಮ್ಮನೆ ನಿಲ್ಲಿಸಿದರೆ ನಾನು ಮೇಲಿನವರಿಗೆ ಏನಂತ ಹೇಳಲಿ? ಮೂಗು ಹೇಳ್ತಿದೆಯಾ ನಿಮಗೆ?”

ಹೌದು ಎಂದರೆ ಸಾಕಿತ್ತು. ಇಪ್ಪತ್ತಾರು ವರ್ಷದ ಮೂಗು. ಅದರ ಮಾತಿಗೆ ಎಷ್ಟೋ ವಿಮಾನಗಳು ನಿಂತಿದ್ದವು. ಇಲ್ಲ ಎಂದರೆ, ಮೂಗಿಲ್ಲದವಳ ಮಾತು ಕೇಳಿ ಮುನ್ನೂರು ಜನರನ್ನು ಯಾರು ಕಾಯಿಸುತ್ತಾರೆ? ಆಕೆಯ ಬಾಯಿಗೆ ಹೌದು ಎಂಬ ಮಾತೇ ಬಂದಿತ್ತು. ಹೊರಗೆ ಬಂದದ್ದು ಇನ್ನೊಂದು.

“ಇಲ್ಲ ಮೇಡಂ. ಮೂಗು ಸತ್ತು ಹದಿಮೂರು ದಿನ ಆಯ್ತು. ಹೇಳದೆ ಇದ್ದೆ. ಈಗ ಹೇಳ್ತಿರೋದು ಕೈ. ನೀವೂ ಮುಟ್ಟಿ ನೋಡಿ.”

ಮೇಲ್ವಿಚಾರಕಿ ಆಕೆಯನ್ನು ದಿಟ್ಟಿಸಿ ನೋಡಿದರು. ಆಮೇಲೆ ತಮ್ಮ ಕೈಗವಸು ತೆಗೆದು ಹಲಗೆ ಮುಟ್ಟಿದರು. ಮುಟ್ಟಿದ ಕೈಯನ್ನು ಹಿಂದಕ್ಕೆ ತೆಗೆಯದೆ ಇನ್ನೊಂದು ಕೈಯಿಂದ ವೈರ್‌ಲೆಸ್ ಎತ್ತಿಕೊಂಡರು.

ಮೆಕ್ಯಾನಿಕ್ ಬಂದು ನಾಲ್ಕು ತಿರುಪು ಬಿಚ್ಚಿದ. ಹಲಗೆಯ ಹಿಂದೆ, ಸಂದಿನಿಂದ ಜಾರಿ ಬಿದ್ದ ಕಾಗದದ ಮುದ್ದೆಯೊಂದು ಕಪ್ಪಗೆ ಕುಳಿತಿತ್ತು. ಗಾಳಿ ತಾಗುತ್ತಲೇ ಅದರ ಅಂಚು ಕೆಂಪಗೆ ಕಣ್ಣು ಬಿಟ್ಟಿತು. ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ಎಲ್ಲರೂ ಕೇಳಿದ್ದರು, ಅಂದು ಕಂಡರು. ಅವನು ಅದನ್ನು ನೀರಿನಲ್ಲಿ ಅದ್ದಿ, ಸೂರಿನಲ್ಲಿದ್ದ ಹೊಗೆಯ ಗುಂಡಿಯನ್ನು ಟಾರ್ಚು ಹಾಕಿ ನೋಡಿದ. ಹೊಗೆ ಬಂದರೆ ಕೂಗಿಕೊಳ್ಳಬೇಕಾದ ಗುಂಡಿ ಅದು. ಅದರ ತೂತುಗಳ ಮೇಲೆ, ಕದ್ದು ಸೇದಿದವನು ಕಣ್ಣಿಗೆ ಕಾಣದಷ್ಟು ತಿಳಿಯಾದ ಟೇಪು ಅಂಟಿಸಿದ್ದ. ಮೇಲ್ವಿಚಾರಕಿ ಕೊನೆಯ ಸಾಲಿನ ಸೀಟಿನಲ್ಲಿ ಕುಳಿತು ವರದಿಯ ಹಾಳೆ ತೆರೆದರು. “ಹದಿಮೂರು ದಿನದ್ದೂ ಬರೀಬೇಕಾಗುತ್ತೆ. ಬರೀಲಾ?”

“ಬರೀರಿ ಮೇಡಂ. ಸೇದಿದವನು ಸಂದಿಗೆ ತುರುಕಿದ್ದು ಒಂದು ತುಂಡು. ನಾನು ತುರುಕಿದ್ದು ಮುನ್ನೂರ ನಾಲ್ಕು ಬಾಗಿಲು.”

ಮುಂದಿನ ಮೂರು ದಿನದಲ್ಲಿ, ಆಕೆ ಸುಮ್ಮನಿದೆ ಎಂದ ಮೂವತ್ತೆಂಟು ವಿಮಾನಗಳನ್ನೂ ಇಳಿದಿಳಿದ ಕಡೆ ಬಿಚ್ಚಿ ನೋಡಲಾಯಿತು. ಒಂದೊಂದರ ಸುದ್ದಿ ಬಂದಾಗಲೂ ಮೇಲ್ವಿಚಾರಕಿ ಫೋನು ಮಾಡುತ್ತಿದ್ದರು. ಫೋನು ಬಡಿದುಕೊಂಡಾಗಲೆಲ್ಲ ಆಕೆ ಅದನ್ನು ಗಂಡನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗುತ್ತಿದ್ದಳು. “ಏನೂ ಇರಲಿಲ್ಲವಂತೆ” ಎನ್ನುತ್ತಿದ್ದ ಗಂಡ, ಮೂವತ್ತೆಂಟು ಸಲ. ಕೊನೆಯ ಸಲ ಅವನೂ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತ.

ಒಂದು ತಿಂಗಳು ಆಕೆಯನ್ನು ಕೆಲಸದಿಂದ ದೂರವಿಟ್ಟರು. ಮರಳಿದ ಮೇಲೆ ಮೂಸುವ ಕೆಲಸ ಇನ್ನೊಬ್ಬಳ ಪಾಲಾಯಿತು. ಅತ್ತರ್ ಮಾಮನೂ ಯಾರೂ ಕೇಳದೆ ತನ್ನ ತಪ್ಪು ಬರೆದುಕೊಟ್ಟಿದ್ದ. ಈಗ ಡಬ್ಬಿ ಅವನ ಕೈಯಲ್ಲಿಲ್ಲ, ಮೇಲ್ವಿಚಾರಕಿಯ ಸೊಂಟದಲ್ಲಿ ತೂಗುತ್ತದೆ. “ಬೀಗದ ಕೈ ಅತ್ತೆಯ ಸೊಂಟ ಸೇರಿತು” ಎಂದು ಅವನೇ ಆಡಿಕೊಳ್ಳುತ್ತಾನೆ. ಒಂದೊಂದು ಬಾಗಿಲಿಗೂ ಈಗ ಇಬ್ಬರು, ಒಬ್ಬರದು ಮೂಗು, ಒಬ್ಬರದು ಕೈ. ಕೈ ಮೂಗಿನಕ್ಕನದು. ಆಕೆಯ ಮಾತಿನಂತೆಯೇ ಇನ್ನೊಂದು ಕ್ರಮವೂ ಬಂದಿದೆ. ಬೆಳಗ್ಗೆ ಕೆಲಸಕ್ಕೆ ನಿಲ್ಲುವ ಮೊದಲು ಮೂಸುವವಳ ಕಣ್ಣಿಗೆ ಬಟ್ಟೆ ಕಟ್ಟಿ, ಐದು ಪುಟ್ಟ ಸೀಸೆ ಹಿಡಿಯುತ್ತಾರೆ. ಸುಟ್ಟ ಕಡ್ಡಿ, ಸೋಪು, ಈರುಳ್ಳಿ, ಕಾಫಿಪುಡಿ, ಬರೀ ನೀರು. ಸೀಸೆ ಹಿಡಿಯುವವಳು ಈಕೆಯೇ. “ಮೇಷ್ಟ್ರಿಗೇ ಉತ್ತರ ಗೊತ್ತಿಲ್ಲದ ಪರೀಕ್ಷೆ” ಎಂದು ಹುಡುಗಿಯರು ಕೀಟಲೆ ಮಾಡುತ್ತಾರೆ. “ಅದಕ್ಕೇ ಕಾಪಿ ಹೊಡೆಯೋಕಾಗಲ್ಲ, ಬಟ್ಟೆ ಸರಿಸಿ ನನ್ನ ಮುಖ ನೋಡಿದ್ರೂ ಏನೂ ಗೊತ್ತಾಗಲ್ಲ” ಎನ್ನುತ್ತಾಳೆ ಈಕೆ, ಸೀಸೆಯ ತಳದ ಚೀಟಿ ಓದಿ ನೋಡುತ್ತ.

ಭಯ ಹೋಗಿದೆಯೇ ಎಂದರೆ ತಲೆಯಾಡಿಸುತ್ತಾಳೆ. “ಹೋಗಿಲ್ಲ. ಹೋಗೋದೂ ಬೇಡ. ಆ ಒಂಬತ್ತು ದಿನ ಭಯಕ್ಕೆ ಬಾಯಿ ಇರಲಿಲ್ಲ, ಈಗ ಇದೆ. ಅಷ್ಟೇ ವ್ಯತ್ಯಾಸ.”

ಆಕೆಗೊಂದು ಸಣ್ಣ ಆಸೆಯಿದೆ. ಮಾವ ಕೊನೆಯ ದಿನಗಳಲ್ಲಿ ತೊಡುತ್ತಿದ್ದ ಬೂದು ಬಣ್ಣದ ಸ್ವೆಟರನ್ನು ನಾದಿನಿ ಒಗೆಯಲು ಹೊರಟಾಗ ಆಕೆ ಕಸಿದುಕೊಂಡು ಚೀಲದಲ್ಲಿ ಕಟ್ಟಿಟ್ಟಿದ್ದಾಳೆ. ಡಾಕ್ಟರು, ಮೂಗು ಮರಳಿದರೆ ಮರಳೀತು, ವರ್ಷ ಹಿಡಿದೀತು, ಹೇಳಲಾಗದು ಎಂದಿದ್ದಾರೆ. ಮುಂಜಾನೆ ಕೆಲಸಕ್ಕೆ ಹೊರಡುವ ಮೊದಲು ಆಕೆ ಚೀಲದ ಗಂಟು ಬಿಚ್ಚಿ ಮುಖ ಇಡುತ್ತಾಳೆ. ಏನೂ ಇಲ್ಲ. ಹೆಚ್ಚು ಹೊತ್ತು ತೆರೆದಿಡಲೂ ಅಂಜಿಕೆ, ಮೂಗು ಬರುವ ಹೊತ್ತಿಗೆ ಸ್ವೆಟರಿನಲ್ಲಿ ಮಾವ ಉಳಿದಿರುತ್ತಾರೋ ಇಲ್ಲವೋ ಎಂದು. “ಒಂದೇ ಒಂದು ಉಸಿರು ಸಿಕ್ಕಿದ್ರೆ ಸಾಕು. ಆಮೇಲೆ ನಾನೇ ಒಗೆದು ಹಾಕ್ತೀನಿ” ಎಂದು ಚೀಲಕ್ಕೆ ಮತ್ತೆ ಗಂಟು ಹಾಕುತ್ತಾಳೆ.

ಆಮೇಲೆ ಕೈ ಜೋಡಿಸಿ, ಪೂರ್ವಕ್ಕೆ ಮುಖಮಾಡಿ ಒಂದು ನಿಮಿಷ ನಿಲ್ಲುತ್ತಾಳೆ. ತನಗಾಗಿ ಏನನ್ನೂ ಕೇಳುವುದಿಲ್ಲ, ಕೇಳುವುದೆಲ್ಲ ಮಾವನಿಗಾಗಿ. ಬೇರೆಯವರು ಸೇದಿ ಬಿಟ್ಟ ಹೊಗೆಯನ್ನು ಆ ಹಿರಿಯ ಜೀವ ಮೂವತ್ತೊಂದು ವರ್ಷ ಉಸಿರಾಡಿತು. ಕೊನೆಯ ಹನ್ನೊಂದು ವರ್ಷ ಒಂದೊಂದು ಉಸಿರಿಗೂ ಬೇಡಿಕೊಂಡಿತು. ಭಗವಂತ, ಅದನ್ನು ತಿಳಿಗಾಳಿಯ ನೆಲೆಯಲ್ಲಿ ಇಟ್ಟುಕೋ. ಅಲ್ಲಿ ಅದು ಕೆಮ್ಮದೆ ನಗಲಿ. ಅದರ ಆತ್ಮಕ್ಕೆ ಶಾಂತಿ ಕೊಡು.